ವಿದ್ಯಾರ್ಥಿ ಉಪಗ್ರಹದಿಂದ ಮಲೆನಾಡಿಗೆ ಇಂಟರ್ನೆಟ್: ಒಂದು ಸ್ಪಷ್ಟನೆ

ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಕಟ್ಟುವ ಉಪಗ್ರಹವೊಂದು ಹಾರಿದರೆ ಹೊಸನಗರ, ತೀರ್ಥಹಳ್ಳಿ ಕಡೆಯ ನೆಟ್‌ವರ್ಕ್ ಸಿಗದ ಊರುಗಳಿಗೆ ಇಂಟರ್ನೆಟ್ ಬರುತ್ತದೆ ಎಂಬ ಸಂದೇಶ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

2010ರ ಜುಲೈ 12ರಂದು ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋದ, ಬೆಂಗಳೂರು ಮತ್ತು ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ ‘ಸ್ಟಡ್‌ಸ್ಯಾಟ್’ ಉಪಗ್ರಹ ಒಂದು ಕಿಲೋ ತೂಕವೂ ಇರಲಿಲ್ಲ. ಇಂಥ ಪುಟ್ಟ ಉಪಗ್ರಹಗಳ ಟ್ರಾನ್ಸ್‌ಮಿಟರಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ವ್ಯಾಟ್ ಶಕ್ತಿ ಮಾತ್ರ. ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಒಂದೂರಿನ ಆಕಾಶದಲ್ಲಿ ಒಮ್ಮೆಗೆ ಹೆಚ್ಚೆಂದರೆ ಹತ್ತು-ಹನ್ನೊಂದು ನಿಮಿಷ ಇರುತ್ತದೆ; ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಹತ್ತು ನಿಮಿಷ ಎಡೆಬಿಡದೆ ಕಳುಹಿಸಿದರೂ ಇಳಿಯುವುದು ಸುಮಾರು 720 ಕಿಲೋಬೈಟ್, ಅಂದರೆ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊಕ್ಕೂ ಸಾಲದಷ್ಟು. ಆಗುಂಬೆಯಂಥ ಕಡೆ ಗುಡ್ಡಗಳು ದಿಗಂತವನ್ನೇ ಮುಚ್ಚುವುದರಿಂದ ಆ ಹತ್ತು ನಿಮಿಷವೂ ಪೂರ್ತಿ ದಕ್ಕುವುದಿಲ್ಲ.

ಖರ್ಚು ಕಡಿಮೆ ಎಂಬ ಮಾತು ಮಾತ್ರ ನಿಜ. 437 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗಕ್ಕೆ ಉಪಗ್ರಹದಲ್ಲಿ ಬೇಕಾದ, ತರಂಗದ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ 17 ಸೆಂ.ಮೀ. ಉದ್ದವಿದ್ದರೆ ಸಾಕು; ಬಡಗಿ ಬಳಸುವ ಅಳತೆಯ ಸ್ಟೀಲ್ ಟೇಪನ್ನೇ ಕತ್ತರಿಸಿ, ಮಡಚಿ, ನೈಲಾನ್ ದಾರದಿಂದ ಕಟ್ಟಿದರೆ, ಕಕ್ಷೆಯಲ್ಲಿ ಕಾದ ತಂತಿ ದಾರವನ್ನು ಸುಟ್ಟೊಡನೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಳಗೆ ನೆಲದ ಮೇಲೆ, ಹಳೆಯ ಟಿ.ವಿ. ಆಂಟೆನಾದಂತೆ ಅಲ್ಯೂಮಿನಿಯಂ ಕಡ್ಡಿಗಳಿಂದ ಮಾಡಿದ ‘ಯಾಗಿ’ ಆಂಟೆನಾ, ಲ್ಯಾಪ್‌ಟಾಪಿಗೆ ಚುಚ್ಚುವ ಅಗ್ಗದ ರಿಸೀವರ್ ಇದ್ದರೆ ಸಂಕೇತ ಕೇಳಬಹುದು. ಉಪಗ್ರಹದ ವೇಗದಿಂದಾಗಿ ಆವರ್ತನ ಸುಮಾರು 10 ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಸರಿಯುವುದನ್ನು ಮಾತ್ರ ಸಾಫ್ಟ್‌ವೇರ್ ಸರಿದೂಗಿಸುತ್ತಿರಬೇಕು. ಆದರೆ ನೆಲದಿಂದ ಉಪಗ್ರಹಕ್ಕೆ ಆದೇಶ ಕಳುಹಿಸಲು ಪರವಾನಗಿ ಬೇಕೇ ಬೇಕು.