ಒಂಟಿ ಸಾಕ್ಸಿನ ಕಥೆ

ಇವತ್ತು ಬೆಳಿಗ್ಗೆ ಒಂದು ಕಾಲಿಗೆ ಉಣ್ಣೆ ಸಾಕ್ಸು ಹಾಕಿಕೊಂಡು ಇನ್ನೊಂದನ್ನು ಅರ್ಧ ಗಂಟೆ ಹುಡುಕಿದೆ. ಮಂಚದ ಕೆಳಗೂ ಇಲ್ಲ, ಬಟ್ಟೆ ರಾಶಿಯಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಜೇನು ಪೆಟ್ಟಿಗೆಯಲ್ಲಿ. ಗಾಳಿಯಾಡಲಿ ಅಂತ ಮುಚ್ಚಳದ ಕೆಳಗೆ ನಾನೇ ಕೊರೆದ ತೂತಿಗೆ ಯಾರೋ ಅದನ್ನು ಬಿರಡೆ ಥರ ತುರುಕಿದ್ದರು. ಯಾರೋ ಏನು ಬಂತು, ನಮ್ಮ ಭಾವನೇ.

"ಪಾಪ, ಚಳಿ ಅಲ್ವಾ ಅವಕ್ಕೆ" ಅಂದರು.

ಚಳಿಗಾಲಕ್ಕೆ ಪೆಟ್ಟಿಗೆ ಸಜ್ಜು ಮಾಡೋ ಪಾಡು ಜೇನು ಸಾಕಿದವರಿಗೇ ಗೊತ್ತು. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ ಪಾಕ ಮಾಡಿ, ಚಳಿ ಹಿಡಿಯೋ ಮೊದಲೇ ಕುಡಿಸಿ ಮುಗಿಸಬೇಕು. ಬಾಗಿಲು ಕಿರಿದು ಮಾಡಬೇಕು, ಇಲ್ಲದಿದ್ದರೆ ಇಲಿ ಬಂದು ಸಂಸಾರ ಹೂಡುತ್ತದೆ. ಪೆಟ್ಟಿಗೆಯ ಹಿಂಭಾಗ ಒಂಚೂರು ಎತ್ತಿ ಒಳಗಿನ ಜೇನಿನ ತೂಕ ಅಂದಾಜು ಮಾಡಬೇಕು. ನನ್ನ ಸೊಂಟ ಹಿಡಿದುಕೊಂಡಿದ್ದು ಅಲ್ಲೇ. ಇಷ್ಟಾದ ಮೇಲೆ ಉಳಿಯೋ ಕೆಲಸ ಒಂದೇ, ಸುಮ್ನಿರೋದು. ಭಾವನ ಕೈಲಿ ಆಗದ ಕೆಲಸವೂ ಅದೊಂದೇ.

ದಿನಕ್ಕೆ ಮೂರು ಸಲ ಪೆಟ್ಟಿಗೆ ಹತ್ತಿರ ಹೋಗುತ್ತಾರೆ. ಬೆರಳ ಗೆಣ್ಣಿನಿಂದ ಟಕ್ ಟಕ್. ಆಮೇಲೆ ಮಫ್ಲರ್ ಸರಿಸಿ ಕಿವಿ ಒತ್ತುತ್ತಾರೆ. ಒಳಗಿಂದ ಗುಂಯ್ ಅಂದರೆ ಮುಖ ಅರಳುತ್ತದೆ. "ಇದ್ದಾವೆ!" ಅಂತ ಮನೆಗೆಲ್ಲ ಕೇಳೋ ಹಾಗೆ ಕೂಗುತ್ತಾರೆ. ಇರದೆ ಎಲ್ಲಿಗೆ ಹೋಗುತ್ತವೆ? ರಾಣಿಯನ್ನು ನಡುವೆ ಇಟ್ಟುಕೊಂಡು ಮುದ್ದೆಯಾಗಿ ಕೂತಿರುತ್ತವೆ. ರೆಕ್ಕೆ ಬಡಿಯದೆ, ಹಾರೋ ಸ್ನಾಯುವನ್ನಷ್ಟೇ ನಡುಗಿಸಿ ಶಾಖ ಹುಟ್ಟಿಸುತ್ತವೆ. ಆ ಒಲೆಗೆ ಸೌದೆ ಕೂಡಿಟ್ಟ ಜೇನೇ. ಭಾವ ಬಡಿದಾಗೆಲ್ಲ ಗಾಬರಿಯಾಗಿ ಕದಲುತ್ತವೆ, ಜೇನು ಜಾಸ್ತಿ ಖರ್ಚಾಗುತ್ತದೆ, ಗುಂಪಿನಿಂದ ಕಳಚಿಕೊಂಡ ಹುಳ ಮರಗಟ್ಟಿ ಸಾಯುತ್ತದೆ. ನಡುರಾತ್ರಿ ಎಬ್ಬಿಸಿ "ನಿದ್ದೆ ಬಂತಾ?" ಅಂತ ಕೇಳೋ ನೆಂಟರನ್ನು ನೀವೂ ನೋಡಿರುತ್ತೀರಿ.

"ಭಾವ, ಒಣ ಚಳಿ ಇವು ತಡ್ಕೊಳ್ತಾವೆ. ಒಳಗಿನ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ತಲೆ ಮೇಲೆ ತೊಟ್ಟಿಕ್ಕಿದ್ರೆ ಮಾತ್ರ ಕಷ್ಟ. ತೂತು ಇರೋದು ಅದಕ್ಕೇ" ಅಂದೆ. ಸಾಕ್ಷಿ ಬೇಕಲ್ಲ, ಸಾಕ್ಸು ಎಳೆದು ಅವರ ಕಣ್ಣೆದುರೇ ಹಿಂಡಿದೆ. ನೀರು ತೊಟತೊಟ ಸುರಿಯಿತು.

"ನೋಡಿದ್ರಾ?"

"ಅಬ್ಬಾ, ಬೆವರಿದಾವೆ! ಸಾಕ್ಸು ಹಾಕಿದ್ದಕ್ಕೆ ಎಷ್ಟು ಬೆಚ್ಚಗಿದ್ದಾವೆ ನೋಡು."

ಇನ್ನೇನು ಹೇಳೋದು? ಚಳಿಗೆ ಮುಂಚೆ ಕೆಲಸಗಾರ ನೊಣಗಳು ಗಂಡು ನೊಣಗಳನ್ನೆಲ್ಲ ಹೊರಗೆ ದಬ್ಬುತ್ತವೆ, ಕೂತು ತಿನ್ನೋರಿಗೆ ಆಗ ಜಾಗ ಇಲ್ಲ ಅಂತ ಅಕ್ಕನಿಗೆ ಹೇಳಿದೆ. ಅಕ್ಕ ಭಾವನ ಕಡೆಗೊಮ್ಮೆ ನೋಡಿ, "ಬುದ್ಧಿವಂತ ಹುಳ" ಅಂದಳು.

ಅವರೆಲ್ಲ ಒಳಗೆ ಹೋದ ಮೇಲೆ ನಾನೂ ಪೆಟ್ಟಿಗೆಗೆ ಕಿವಿ ಇಟ್ಟೆ. ತಟ್ಟಲಿಲ್ಲ, ಆಣೆ. ದೂರದಲ್ಲೆಲ್ಲೋ ಕುದಿಯೋ ಪಾತ್ರೆಯಂಥ ಸದ್ದು. ಬೇಸಿಗೆಯ ಕೆಲಸಗಾರ ನೊಣಕ್ಕೆ ಆಯಸ್ಸು ಸುಮಾರು 6 ವಾರ. ಈಗ ಒಳಗಿರೋವು ಚಳಿಗೆ ಸ್ವಲ್ಪ ಮೊದಲು ಹುಟ್ಟಿದವು, ಐದಾರು ತಿಂಗಳು ಬಾಳುತ್ತವೆ. ಬೇಸಿಗೆಯಿಡೀ ಹೂವಿಂದ ಹೂವಿಗೆ ಓಡಾಡಿ ಈ ಜೇನು ತಂದವು ಒಂದೂ ಇವತ್ತು ಇಲ್ಲ. ಗಂಟಲು ಸ್ವಲ್ಪ ಕಟ್ಟಿತು. ಶೀತ ಇರಬಹುದು, ಒಂದು ಕಾಲು ಬರಿಗಾಲಲ್ವಾ.

ಹಿಂಡಿದ ಸಾಕ್ಸನ್ನು ಹಗ್ಗದ ಮೇಲೆ ಒಣಗಲು ಹಾಕಿದ್ದೆ. ಸಂಜೆ ಹೋಗಿ ನೋಡಿದರೆ ಇಲ್ಲ. ಕಾಲಲ್ಲಿದ್ದದ್ದನ್ನೂ ಬಿಚ್ಚಿ ಕುರ್ಚಿ ಮೇಲೆ ಇಟ್ಟಿದ್ದೆ, ಅದೂ ಇಲ್ಲ. ನಮ್ಮಲ್ಲಿರೋದು ಎರಡು ಪೆಟ್ಟಿಗೆ.