ಗುಂಡಿ ಒತ್ತಿದರೂ ಏಳದ ಸಿಪಿಯು

ಕಂಪ್ಯೂಟರ್ ನಿಧಾನವಾದರೆ ನಮ್ಮ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆನ್ ಆಗುತ್ತಿಲ್ಲ ಅಂದರೆ ಮಾತ್ರ ಬೀದಿಯೇ ಬಂದು ಸುತ್ತ ನಿಲ್ಲುತ್ತದೆ. ಅದು ಕೆಡುವುದೂ ತಿಂಗಳ ಹತ್ತೊಂಬತ್ತಕ್ಕೇ. ನನ್ನ ಹೆಂಡತಿ ನಾಲ್ಕಾರು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಾಳೆ. ತಿಂಗಳ 3ಬಿ ರಿಟರ್ನ್‌ಗೆ ಇಪ್ಪತ್ತನೇ ತಾರೀಖು ಕಡೇ ದಿನ. ಈ ಯಂತ್ರಕ್ಕೆ ಕ್ಯಾಲೆಂಡರ್ ನೋಡಲು ಯಾರು ಕಲಿಸಿದರೋ!

"ರೀ, ಗುಂಡಿ ಒತ್ತಿದ್ರೆ ಜೀವಾನೇ ಇಲ್ಲ ಇದಕ್ಕೆ" ಅಂದಳು. ಫ್ಯಾನ್ ಸದ್ದಿಲ್ಲ, ಬೀಪ್ ಇಲ್ಲ, ಏನೂ ಇಲ್ಲ.

ಅಮ್ಮ ಅಡುಗೆಮನೆಯಿಂದಲೇ ಕಾರಣ ಹೇಳಿದರು. "ರಾತ್ರಿ ಆ ಪಾಟಿ ಗುಡುಗಿತಲ್ಲ, ಅದಕ್ಕೇ." ನಮ್ಮದು ಮಲೆನಾಡು, ಮಳೆಗಾಲದಲ್ಲಿ ಗುಡುಗದ ರಾತ್ರಿ ಯಾವುದು? ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ. ಫೋನ್ ಮಾಡಿದರೆ, "ಮಾಮ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಅಂದ. ಸ್ಟಾರ್ಟೇ ಆಗದ್ದನ್ನು ರೀಸ್ಟಾರ್ಟ್ ಮಾಡುವುದು ಹೇಗಪ್ಪಾ ಅಂದೆ. "ಹೌದಲ್ವಾ" ಅಂತ ಮೀಟಿಂಗ್ ಇದೆಯೆಂದು ಫೋನಿಟ್ಟ. ಪಕ್ಕದ ಮನೆಯ ರಾಯರು ಪೇಪರ್ ಸಮೇತ ಬಂದು, "ವೈರಸ್ಸೇ ಇರಬೇಕು" ಅಂದರು.

ಕಂಪ್ಯೂಟರ್ ಅಂಗಡಿಯ ಹುಡುಗ ಮಾತ್ರ ನೋಡದೆಯೇ ತೀರ್ಪು ಕೊಟ್ಟ. "ಎಸ್‌ಎಂಪಿಎಸ್ ಹೋಗಿದೆ ಸಾರ್. ಸಿಪಿಯು ತಗೊಂಡ್ಬನ್ನಿ, ಹೊಸದು ಹಾಕ್ಕೊಡ್ತೀನಿ." ಎಸ್‌ಎಂಪಿಎಸ್ ಅಂದರೆ ಸಿಪಿಯು ಒಳಗೆ ಕರೆಂಟನ್ನು ಬೇಕಾದಷ್ಟಕ್ಕೆ ಇಳಿಸಿಕೊಡುವ ಡಬ್ಬಿ.

ಹೊರಗೆ ಜಡಿಮಳೆ. ಆ ಭಾರವನ್ನು ಸ್ಕೂಟರಿನಲ್ಲಿ ಕಾಲಿನ ಮಧ್ಯೆ ಇಟ್ಟುಕೊಂಡು ಹೋಗುವುದಕ್ಕಿಂತ ನಾನೇ ಒಂದು ಕೈ ನೋಡೋಣ ಅನ್ನಿಸಿತು. ಸ್ಪೈಕ್ ಬಸ್ಟರ್‌ನ ಕೆಂಪು ದೀಪ ಉರಿಯುತ್ತಿತ್ತು. ಅದನ್ನು ನಂಬಬಾರದು. ಒಂದು ತೂತು ಸತ್ತಿದ್ದರೂ ಅದು ತನ್ನ ಪಾಡಿಗೆ ಉರಿಯುತ್ತಿರುತ್ತದೆ. ಸಿಪಿಯು ಸಿಕ್ಕಿಸಿದ್ದ ಅದೇ ತೂತಿಗೆ ಮೊಬೈಲ್ ಚಾರ್ಜರ್ ಹಾಕಿದೆ, ಚಾರ್ಜ್ ಆಯಿತು. ಮಾನಿಟರ್‌ನ ಕೇಬಲ್ ಕಿತ್ತು ಸಿಪಿಯುಗೆ ಹಾಕಿದೆ. ಸಾಮಾನ್ಯವಾಗಿ ಎರಡಕ್ಕೂ ಅದೇ ಕೇಬಲ್ ಆಗುತ್ತದೆ. ಉಹುಂ.

ಅಷ್ಟರಲ್ಲಿ ರಾಯರು ಹಿಂದುಗಡೆ ಬಗ್ಗಿ, "ಇದೇನ್ರೀ ಕೆಂಪಗಿನ ಸ್ವಿಚ್ಚು?" ಅಂತ ಬೆರಳು ಚಾಚಿದರು. ನಮ್ಮದು ಹಳೇ ಎಸ್‌ಎಂಪಿಎಸ್. ಅದರ ಬೆನ್ನಿಗೆ 115, 230 ಅಂತ ಬರೆದ ಸ್ವಿಚ್ ಇದೆ. ನಮ್ಮಲ್ಲಿ ಬರುವುದು 230 ವೋಲ್ಟ್. ಅದನ್ನು 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಢಂ ಅಂದು ಹೊಗೆ ಬರುವುದೇ ಗ್ಯಾರಂಟಿ. ನಾನು ಕಿರುಚಿದ್ದಕ್ಕೆ ರಾಯರು ಪೇಪರ್ ಕೆಳಗೆ ಹಾಕಿ ಎರಡು ಹೆಜ್ಜೆ ಹಿಂದೆ ಹೋದರು. ಆಮೇಲೆ ಕಾಫಿ ಬರುವವರೆಗೂ ಕೈಕಟ್ಟಿಕೊಂಡೇ ಕೂತಿದ್ದರು.

ಪಕ್ಕದ ತಗಡು ಬಿಚ್ಚಿದೆ. ಒಳಗೆ ಧೂಳು, ಒಂದು ಒಣಗಿದ ಜಿರಳೆ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಅಮ್ಮ ತಕ್ಷಣ ಪಂಚಾಂಗ ತೆಗೆದರು. ಹಲ್ಲಿ ತಲೆ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ, ಎಲ್ಲ ಇದೆ. ಮದರ್‌ಬೋರ್ಡ್ ಮೇಲೆ ಮೊಟ್ಟೆಯಿಟ್ಟರೆ ಏನು ಅಂತ ಒಂದು ಸಾಲೂ ಇಲ್ಲ.

ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಮಿಣುಕುತ್ತಿತ್ತು. ನನಗೆ ಧೈರ್ಯ ಬಂದದ್ದು ಅದನ್ನು ನೋಡಿ. ಸಿಪಿಯು ಆಫ್ ಆಗಿದ್ದರೂ ಎಸ್‌ಎಂಪಿಎಸ್ ಒಳಗೊಳಗೇ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ದೀಪ ಉರಿಯುತ್ತಿದೆ ಅಂದರೆ ಅದು ಪೂರ್ತಿ ಸತ್ತಿಲ್ಲ. ಪ್ಲಗ್ ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರನ್ನು ಬಿಡಿಸಿ, ಅದರಲ್ಲಿ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಹೆಂಡತಿಯ ಫೈಲಿನ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿದೆ. ಅವೆರಡು ಸೇರಿದರೆ ಬೋರ್ಡ್ ಹೇಳದಿದ್ದರೂ ಎಸ್‌ಎಂಪಿಎಸ್ ಏಳಬೇಕು. ಕೈ ತೆಗೆದು ಕರೆಂಟು ಕೊಟ್ಟೆ. ಎಸ್‌ಎಂಪಿಎಸ್ ಫ್ಯಾನು ಗರ್ರ್ ಅಂತ ತಿರುಗಿತು! (ಆ ಡಬ್ಬಿಯನ್ನೇ ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ.)

"ರ್‍ಯಾಮ್‌ಗೆ ರಬ್ಬರ್ ಉಜ್ಜಿದ್ರಾ?" ಮಗಳು ಜಾಮಿಟ್ರಿ ಬಾಕ್ಸ್ ಹಿಡಿದೇ ಬಂದಿದ್ದಳು. ಇದು ನಮ್ಮ ದೇಶದ ಮನೆಮದ್ದು. ರ್‍ಯಾಮ್ ಅನ್ನುವ ಮೆಮೊರಿ ಪಟ್ಟಿ ಸಡಿಲವಾಗಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ, ಇಲ್ಲವೇ ಬೀಪ್ ಬೀಪ್ ಅನ್ನುತ್ತದೆ. ನಮ್ಮದರ ಕಾಯಿಲೆ ಅದಲ್ಲ. ಆದರೂ ಉಜ್ಜಿದೆ. ಉಜ್ಜದೆ ಇದ್ದರೆ ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ.

ಉಳಿದದ್ದು ಗುಂಡಿ ಒಂದೇ. 1995ರಲ್ಲಿ ಎಟಿಎಕ್ಸ್ ಮಾದರಿ ಬರುವ ಮುಂಚೆ ಮುಂದಿನ ಗುಂಡಿ ನೇರವಾಗಿ ಕರೆಂಟನ್ನೇ ಹಾಕಿ ತೆಗೆಯುತ್ತಿತ್ತು. ಈಗ ಹಾಗಲ್ಲ. ಗುಂಡಿ ಒತ್ತಿದರೆ ಎರಡು ಸಣ್ಣ ವೈರುಗಳು ಒಂದು ಕ್ಷಣ ಸೇರುತ್ತವೆ, ಬೋರ್ಡಿಗೆ ಸುದ್ದಿ ಮುಟ್ಟುತ್ತದೆ, ಅಷ್ಟೆ. ಎಲ್ಲ ಮೊದಲಿನ ಹಾಗೆ ಜೋಡಿಸಿ, ಆ ವೈರುಗಳ ತುದಿಯ ಪುಟಾಣಿ ಕನೆಕ್ಟರ್ ಕಿತ್ತು, ಅದು ಕೂತಿದ್ದ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಎಲ್ಲ ಫ್ಯಾನೂ ಒಟ್ಟಿಗೆ ಎದ್ದವು. ರಾಯರ ಪೇಪರ್ ಹಾರಿತು. ಬೀಪ್ ಕೇಳಿ ಹೆಂಡತಿ ಒಳಗಿಂದ ಓಡಿ ಬಂದಳು.

ಸತ್ತದ್ದು ಗುಂಡಿಯೇ. ಎಷ್ಟು ವರ್ಷದಿಂದ ಕಾಲಿನ ಹೆಬ್ಬೆರಳಲ್ಲಿ ಒತ್ತಿಸಿಕೊಂಡಿತ್ತೋ ಪಾಪ. ಪಕ್ಕದಲ್ಲಿದ್ದ ರೀಸೆಟ್ ಗುಂಡಿ ಕೆಲಸವಿಲ್ಲದೆ ಹೊಸದರಂತೆ ಹೊಳೆಯುತ್ತಿತ್ತು. ಅದರ ಕನೆಕ್ಟರನ್ನು ಪವರ್‌ನ ಪಿನ್‌ಗಳಿಗೆ ಚುಚ್ಚಿದೆ. ಈಗ ರೀಸೆಟ್ ಒತ್ತಿದರೆ ಆನ್. ಪವರ್ ಒತ್ತಿದರೆ ಏನೂ ಇಲ್ಲ. ಹೆಂಡತಿ ಅಂದೇ ಲೆಕ್ಕ ಮುಗಿಸಿ, ಸಿಪಿಯು ಮೇಲೆ ಚೀಟಿ ಅಂಟಿಸಿದಳು: "ಚಿಕ್ಕದು ಒತ್ತಿ. ದೊಡ್ಡದು ಸುಮ್ನೆ."

ಮಳೆ ಬಿಟ್ಟ ಮೇಲೆ ಹೊಸ ಸ್ವಿಚ್ ಕೇಳೋಣ ಅಂತ ಅಂಗಡಿಗೆ ಹೋದೆ. ಹುಡುಗ ತಲೆ ಕೆರೆದುಕೊಂಡ. "ಸ್ವಿಚ್ ಮಾತ್ರ ಬರಲ್ಲ ಸಾರ್, ಕ್ಯಾಬಿನೆಟ್ಟೇ ತಗೊಳ್ಬೇಕಾಗುತ್ತೆ." ನಾನು ಎದ್ದು ಹೊರಟೆ. ಹಿಂದಿನಿಂದ ಕೂಗಿದ, "ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಸಾರ್!"