'ದಿ ಟ್ಯೂರಿನ್ ಹಾರ್ಸ್' ನೀಚೆಯ ಜೀವನಕಥೆಯಲ್ಲ

ಹಂಗೇರಿಯ ಬೆಲಾ ತಾರ್ ಅವರ ಈ ಸಿನಿಮಾ ತತ್ವಜ್ಞಾನಿ ನೀಚೆಯ ಜೀವನಕಥೆ, ಇಡೀ ಚಿತ್ರ ಒಂದೇ ಶಾಟ್ (ಎಲ್ಲೂ ಕಟ್ ಇಲ್ಲದೆ ತೆಗೆದದ್ದು), ಬರ್ಲಿನ್‌ನಲ್ಲಿ ಚಿತ್ರೋತ್ಸವದ ಅಗ್ರ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದಿದೆ ಎಂಬ ಮೆಸೇಜ್ ಓಡಾಡುತ್ತಿದೆ. ಮೂರೂ ತಪ್ಪು.

ನೀಚೆ ತೆರೆಯ ಮೇಲೆ ಬರುವುದೇ ಇಲ್ಲ. 1889ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಏಟು ತಿನ್ನುತ್ತಿದ್ದ ಕುದುರೆಯನ್ನು ಅವರು ತಬ್ಬಿಕೊಂಡರು ಎಂಬ ಕಥೆಯನ್ನು ಶುರುವಿನಲ್ಲಿ ಒಂದು ದನಿ ಹೇಳುತ್ತದೆ, ಅಷ್ಟೇ. ಆಮೇಲೆ ಇರುವುದು ಗಾಡಿಯವನು, ಅವನ ಮಗಳು, ಮೇವು ಮುಟ್ಟದ ಕುದುರೆ. ಆರು ದಿನ ಬಿರುಗಾಳಿ, ಬೇಯಿಸಿದ ಆಲೂಗಡ್ಡೆ, ಬತ್ತಿಹೋಗುವ ಬಾವಿ. ನಿಧಾನ ಜಾಸ್ತಿ, ನಿಜ. ಆದರೆ ಸುಮಾರು ಎರಡೂವರೆ ಗಂಟೆಯಲ್ಲಿ 30ರಷ್ಟು ಶಾಟ್‌ಗಳಿವೆ. ನೋಡುತ್ತಾ ನೀವೇ ಎಣಿಸಬಹುದು.

2011ರ ಬರ್ಲಿನ್ ಪ್ರಶಸ್ತಿಪಟ್ಟಿಯಲ್ಲಿ ಇದಕ್ಕಿರುವುದು ಸಿಲ್ವರ್ ಬೇರ್, ಅಂದರೆ ಜ್ಯೂರಿ ಗ್ರ್ಯಾಂಡ್ ಪ್ರಿ. ಆ ವರ್ಷದ ಗೋಲ್ಡನ್ ಬೇರ್ ಇರಾನಿನ 'ಎ ಸೆಪರೇಷನ್' ಪಾಲಾಯಿತು. ಆ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.